ಮಾತ್ರೆ ನಿಲ್ಸಿ ಐದು ದಿನಕ್ಕೆ ಜ್ವರ, ಆಮೇಲೆ ಮೈ ಸುಲಿದು ಬಂತು

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಹೋದ ಶ್ರಾವಣದಲ್ಲಿ ಉರಿಮೂತ್ರ ಅಂತ ಮೆಡಿಕಲ್ ಶಾಪಲ್ಲೇ ಕೇಳಿ ಐದು ದಿನ ಮಾತ್ರೆ ತಗೊಂಡೆ, ಉರಿ ಹೋಯ್ತು, ಸರಿಯಾಯ್ತು ಅಂದ್ಕೊಂಡೆ. ಹತ್ತನೇ ದಿನಕ್ಕೆ ಜ್ವರ, ಕಣ್ಣು ಕೆಂಪು, ಬಾಯೆಲ್ಲ ಹುಣ್ಣು, ನೀರೂ ಇಳೀತಿರ್ಲಿಲ್ಲ. ಅತ್ತೆ ಅಮ್ಮ ಆಗಿದೆ ಅಂತ ಬೇವಿನಸೊಪ್ಪು ಹಾಸಿ ಮಲಗಿಸಿದ್ರು. ಆಮೇಲೆ ಎದೆ ಮೇಲೆ ಬೊಬ್ಬೆ ಎದ್ದು ಚರ್ಮ ಸುಲಿದು ಬಂತು. 18 ದಿನ ಆಸ್ಪತ್ರೆ. ಡಿಸ್ಚಾರ್ಜ್ ಚೀಟೀಲಿ ‘ಕೋಟ್ರೈಮಾಕ್ಸಜೋಲ್, ಸ್ಟೀವನ್ಸ್ ಜಾನ್ಸನ್’ ಅಂತಿದೆ, ಸಲ್ಫಾ ಆಗಲ್ಲ ಅಂದ್ರು. ಇನ್ಮುಂದೆ ಯಾವ ಆಂಟಿಬಯಾಟಿಕ್ಕೂ ತಗೋಬಾರ್ದಾ? ಗಂಧಕದ ಸೋಪೂ ಬಿಡ್ಬೇಕಾ?
— ಓದುಗರು, ಹಾಸನ ಜಿಲ್ಲೆ

ಉತ್ತರ: ಬದುಕಿ ಬಂದ್ರಲ್ಲ ತಾಯಿ, ಅದೇ ದೊಡ್ಡದು. ನಿಮ್ಮತ್ತೇನ ಬೈಬೇಡಿ, ಮಾತ್ರೆ ಮುಗಿದ ಮೇಲೆ ಬಂದಿದ್ದಕ್ಕೆ ಮಾತ್ರೆ ಮೇಲೆ ಯಾರಿಗೆ ಅನುಮಾನ ಬರುತ್ತೆ ಹೇಳಿ. ಪೆನ್ಸಿಲಿನ್ ಅಲರ್ಜಿ ಅಂದ್ರೆ ಸಾಮಾನ್ಯವಾಗಿ ಗಂಟೆಯೊಳಗೆ ಮೈಯೆಲ್ಲ ದದ್ದು ಎದ್ದು ತುರಿಕೆ ಶುರುವಾಗೋದನ್ನ ಜನ ನೋಡಿರ್ತಾರೆ, ನಿಮಗೆ ಬಂದ ಈ ಸ್ಟೀವನ್ಸ್ ಜಾನ್ಸನ್ ಅನ್ನೋ ಕಾಯಿಲೆ ಹಾಗಲ್ಲ, ಮೊದಲ ಮಾತ್ರೆಯಿಂದ ನಾಲ್ಕು ದಿನಕ್ಕೂ ಬರಬಹುದು ನಾಲ್ಕು ವಾರಕ್ಕೂ ಬರಬಹುದು, ಶುರು ಆಗೋದು ಮಾಮೂಲಿ ಫ್ಲೂ ಥರಾನೇ. ತುರಿಕೆಗಿಂತ ನೋವು ಜಾಸ್ತಿ, ಜೊತೆಗೆ ಕಣ್ಣು ಬಾಯಿ ಎರಡೂ ಕೆಡುತ್ತೆ, ಅಂಥದ್ದು ಕಂಡ್ರೆ ಅವತ್ತೇ ದೊಡ್ಡಾಸ್ಪತ್ರೆಗೆ ಓಡ್ಬೇಕು. ಅಮೆರಿಕದ ಇಬ್ಬರು ಡಾಕ್ಟರು ಇದನ್ನ 1922ರಲ್ಲೇ ಬರೆದಿಟ್ಟಿದ್ದಾರೆ, ಅವರಿಬ್ಬರ ಹೆಸರೇ ಕಾಯಿಲೆಗೂ ಇರೋದು. ಚರ್ಮ ಮೈಯ ಶೇ. 10ಕ್ಕಿಂತ ಕಮ್ಮಿ ಸುಲಿದ್ರೆ ಈ ಹೆಸರು, 30 ದಾಟಿದ್ರೆ ಟೆನ್ (TEN, ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್, ಇದೇ ಕಾಯಿಲೆಯ ಇನ್ನೂ ಜೋರಾದ ರೂಪ) ಅಂತೀವಿ, ಆಗ ಸುಟ್ಟಗಾಯದ ರೋಗಿ ಥರಾನೇ ನೋಡ್ಕೋಬೇಕಾಗುತ್ತೆ.

ಎಲ್ಲಾ ಆಂಟಿಬಯಾಟಿಕ್ ಬಿಡ್ಬೇಕಿಲ್ಲ. ನೀವು ತಗೊಂಡ ಕೋಟ್ರೈಮಾಕ್ಸಜೋಲ್ ಸಲ್ಫಾ ಗುಂಪಿನ ಔಷಧಿ, ಆ ಗುಂಪಿಂದು ಮಾತ್ರ ಜನ್ಮದಲ್ಲಿ ಮುಟ್ಬೇಡಿ, ‘ಒಂದ್ಸಲ ಟೆಸ್ಟ್ ಡೋಸ್ ಕೊಟ್ಟು ನೋಡೋಣ’ ಅಂತ ಯಾರೇ ಅಂದ್ರೂ ಬೇಡ ಅನ್ನಿ. ಒಂದೇ ಔಷಧಿ ಹತ್ತಾರು ಕಂಪನಿ ಹೆಸರಲ್ಲಿ ಸಿಗುತ್ತೆ, ಅದಕ್ಕೆ ಸ್ಟ್ರಿಪ್ ಮೇಲಿನ ದೊಡ್ಡಕ್ಷರ ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರೋ ಔಷಧಿ ಹೆಸರು ಓದಿ. ಇನ್ನೊಂದು ಯಾರೂ ಹೇಳಲ್ಲ, ಕೈ ಸುಟ್ಕೊಂಡಾಗ ಹಚ್ಚೋ ಬಿಳಿ ಮುಲಾಮಲ್ಲೂ ಎಷ್ಟೋ ಸಲ ಸಿಲ್ವರ್ ಸಲ್ಫಾಡೈಯಜಿನ್ ಇರುತ್ತೆ, ಅಡುಗೆಮನೆ ಡಬ್ಬೀಲಿದ್ರೆ ಇವತ್ತೇ ತೆಗೆದು ಎಸೀರಿ. ಕೀಲುನೋವಿಗೆ ಕೊಡೋ ಸಲ್ಫಾಸಲಜಿನ್ನೂ ಅಷ್ಟೇ. ಗಂಧಕದ ಸೋಪು ಬೇರೆ ಜಾತಿ, ಹೆಸರು ಮಾತ್ರ ಹತ್ತಿರ, ಆರಾಮಾಗಿ ಹಚ್ಕೊಳಿ.

ಡಿಸ್ಚಾರ್ಜ್ ಚೀಟಿ ಫೋಟೋ ಫೋನಲ್ಲಿರಲಿ, ಪರ್ಸಲ್ಲೂ ಒಂದು ಚೀಟಿ. ಕಣ್ಣು ಈಗ ಹೇಗಿದೆ ಅಂತ ನೀವು ಬರೆದೇ ಇಲ್ಲ, ಒಣಗಿದಂಗೆ, ಮರಳು ಬಿದ್ದಂಗೆ ಅನ್ನಿಸ್ತಿದ್ರೆ ತಡ ಮಾಡ್ಬೇಡಿ, ಚರ್ಮ ಮಾಯ್ದ ಮೇಲೂ ರೆಪ್ಪೆ ಒಳಗೆ ಕಲೆಗಟ್ಟಿ ದೃಷ್ಟಿಗೇ ತೊಂದರೆ ಆಗಬಹುದು, ಈ ವಾರಾನೇ ಕಣ್ಣಿನ ಡಾಕ್ಟ್ರಿಗೆ ತೋರಿಸಿ.