ಟಿಬಿ ಬಂದು ಒಂಟಿ ಕೋಣೆಯಲ್ಲಿರುವಾಗ ದೇವರ ಹತ್ತಿರ ವಾಸಿ ಮಾಡು, ತಾಳ್ಮೆ ಕೊಡು ಅಂತ ಹೇಗೆ ಕೇಳುವುದು?

ಐದು ವಾರದಿಂದ ಒಂದೇ ಕೋಣೆ, ದಿನಾ ಪ್ರಾರ್ಥನೆ, ಆದರೂ ವಾಸಿಯಾಗಿಲ್ಲ, ನನ್ನ ನಂಬಿಕೆ ಸಾಲದೇನೋ ಎಂದು ಬರೆದಿದ್ದೀರಿ. 2013ರಲ್ಲಿ ನಾನೂ ಹೀಗೇ ಮಲಗಿದ್ದೆ. ಅದೇ ಶ್ವಾಸಕೋಶದ ಟಿಬಿ, ತಲೆದಿಂಬಿನ ಪಕ್ಕ ಅದೇ ಸತ್ಯವೇದ (ಬೈಬಲ್), ಬಾಗಿಲ ಹತ್ತಿರ ಇಟ್ಟು ಹೋಗುವ ತಟ್ಟೆ.

ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಅದಕ್ಕಿಂತ ಕಡಿಮೆ ಎಂದು ಡಾಕ್ಟರ್ ಹೇಳಿದ್ದರು. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿಬಿಟ್ಟೆ. ಅದು ಆ ನಾಲ್ಕರಲ್ಲಿ ಒಂದಾದ ರಿಫಾಂಪಿಸಿನ್ ಮಾತ್ರೆಯ ಬಣ್ಣ ಅಷ್ಟೇ. ನಿಮಗೂ ಆಗಿರಬೇಕು, ಅಲ್ವಾ? ರಾತ್ರಿಯೆಲ್ಲ ಪ್ರಾರ್ಥನೆ ಮಾಡುತ್ತಿದ್ದೆ. ಎಂಟನೇ ವಾರಕ್ಕೆ ಕೆಮ್ಮು ನಿಂತಿತು. ನಾಲ್ಕು ಕೆಜಿ ತೂಕ ಬಂತು. ಕಫ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ನಾನು ಮಂಡಿಯೂರಿ ಅತ್ತೆ. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ.

ಮಾರನೇ ವಾರ ಮಾತ್ರೆ ಬಿಟ್ಟೆ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಸೋಮಾರಿತನದಿಂದ ಬಿಟ್ಟಿದ್ದಲ್ಲ. ದೇವರು ವಾಸಿ ಮಾಡಿದ ಮೇಲೂ ಮಾತ್ರೆ ನುಂಗಿದರೆ ಆತನ ಮೇಲೆ ಅನುಮಾನ ಪಟ್ಟ ಹಾಗೆ ಎಂದುಕೊಂಡೆ. ಅಮ್ಮ ಬಾಗಿಲಾಚೆಯಿಂದ "ಮಾತ್ರೆ ತಗೊಂಡ್ಯಾ?" ಅನ್ನುತ್ತಿದ್ದಳು. "ಹೂಂ" ಅನ್ನುತ್ತಿದ್ದೆ. ಮಾತ್ರೆ ಹಾಸಿಗೆ ಕೆಳಗೆ ಹೋಗುತ್ತಿತ್ತು. ದೇವರ ಮೇಲಿನ ನಂಬಿಕೆಗೆ ದಿನಾ ಬೆಳಗ್ಗೆ ಒಂದು ಸುಳ್ಳು ಬೇಕಾಗುತ್ತಿತ್ತು. ಅಲ್ಲೇ ಏನೋ ಸರಿಯಿಲ್ಲ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನನಗೆ ಗೊತ್ತಿಲ್ಲದೇ ಇದ್ದ ವಿಷಯ ಇಷ್ಟು. ಟಿಬಿ ರೋಗಾಣು ಬಹಳ ನಿಧಾನದ ಜೀವಿ. ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತವೆ. ಇದಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಚುರುಕಾಗಿ ಬೆಳೆಯುವ ರೋಗಾಣುಗಳು ಮೊದಲ ಕೆಲವು ವಾರದಲ್ಲೇ ಸಾಯುತ್ತವೆ, ಕೆಮ್ಮು ನಿಲ್ಲುವುದು ಅದಕ್ಕೇ. ಅರೆನಿದ್ದೆಯಲ್ಲಿರುವ ಕೆಲವು ಮಾತ್ರ ಔಷಧಕ್ಕೆ ಬೇಗ ಬಗ್ಗುವುದಿಲ್ಲ. ಉಳಿದ ನಾಲ್ಕು ತಿಂಗಳು ಇರುವುದೇ ಅವುಗಳಿಗಾಗಿ. ನಡುವೆ ಬಿಟ್ಟರೆ ಉಳಿದವು ಮತ್ತೆ ಬೆಳೆಯುತ್ತವೆ. ಅವುಗಳಲ್ಲಿ ಔಷಧಕ್ಕೆ ಜಗ್ಗದವು ಇದ್ದರೆ ಮುಂದೆ ಅವುಗಳದ್ದೇ ರಾಜ್ಯ.

ನನಗೆ ಆಗಿದ್ದು ಅದೇ. ನಾಲ್ಕು ತಿಂಗಳ ನಂತರ ಕೆಮ್ಮಿದಾಗ ರಕ್ತ ಬಂತು. ಪರೀಕ್ಷೆಯಲ್ಲಿ ರಿಫಾಂಪಿಸಿನ್ ಇನ್ನು ಕೆಲಸ ಮಾಡುವುದಿಲ್ಲ ಎಂದು ಗೊತ್ತಾಯಿತು. ಆರು ತಿಂಗಳಲ್ಲಿ ಮುಗಿಯಬೇಕಿದ್ದ ಚಿಕಿತ್ಸೆ ಎರಡು ವರ್ಷ ಹಿಡಿಯಿತು. ಅದರಲ್ಲಿ ಆರು ತಿಂಗಳು ಇಂಜೆಕ್ಷನ್. ಅದರಿಂದ ಎಡಗಿವಿಯಲ್ಲಿ ಶುರುವಾದ ಗುಂಯ್ ಸದ್ದು ಇವತ್ತಿಗೂ ಹೋಗಿಲ್ಲ. (ಈಗ ಇಷ್ಟು ಕಷ್ಟ ಇಲ್ಲ. ಔಷಧಕ್ಕೆ ಜಗ್ಗದ ಟಿಬಿಗೂ ಆರು ತಿಂಗಳ, ಬರೀ ಮಾತ್ರೆಯ ಚಿಕಿತ್ಸೆಯನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಎಲ್ಲರಿಗೂ ಹೊಂದುವುದಿಲ್ಲ, ಆದರೂ ಇದೆ.)

ಆ ಎರಡು ವರ್ಷದಲ್ಲಿ ನಾಮಾನನ ಕಥೆಯನ್ನು ಎಷ್ಟು ಸಲ ಓದಿದೆನೋ. ಸೇನಾಪತಿ, ಕುಷ್ಠರೋಗಿ. ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗು ಎಂದು ಪ್ರವಾದಿ ಎಲೀಷ ಹೇಳಿ ಕಳಿಸುತ್ತಾನೆ. ಇಷ್ಟೇನಾ ಎಂದು ಇವನಿಗೆ ಸಿಟ್ಟು. ಎದುರಿಗೆ ಬಂದು, ಕೈಯಾಡಿಸಿ, ಒಂದೇ ಸಲಕ್ಕೆ ವಾಸಿ ಮಾಡಬೇಕಿತ್ತು ಅವನಿಗೆ. ಕೊನೆಗೆ ಆಳುಗಳ ಮಾತು ಕೇಳಿ ಮುಳುಗುತ್ತಾನೆ. ಆರನೇ ಸಲ ಎದ್ದಾಗ ಎಷ್ಟು ವಾಸಿಯಾಗಿತ್ತು ಎಂದು ಸತ್ಯವೇದ ಹೇಳುವುದಿಲ್ಲ. ನಾನು ಮೂರನೇ ಮುಳುಗಿಗೇ ದಡ ಹತ್ತಿ ಬಟ್ಟೆ ಹಾಕಿಕೊಂಡವನು. ಇನ್ನು ರಾಜ ಹಿಜ್ಕೀಯ. ಅವನನ್ನು ವಾಸಿ ಮಾಡುತ್ತೇನೆ ಎಂದು ದೇವರೇ ಮಾತು ಕೊಟ್ಟಿದ್ದ. ಆದರೂ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಹಣ್ಣು ಅರೆದು ಕಟ್ಟಲು ಹೇಳುತ್ತಾನೆ. ದೇವರಿಗೇ ಇಲ್ಲದ ಮಡಿ ನನಗೆ ಯಾಕೆ ಬೇಕಿತ್ತು?

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಐದು ವಾರಕ್ಕೆ ವಾಸಿಯಾಗದಿರುವುದು ನಂಬಿಕೆಯ ಕೊರತೆಯಲ್ಲ. ಈ ರೋಗ ಹೋಗುವುದೇ ಹೀಗೆ. ತಾಳ್ಮೆಯ ಬಗ್ಗೆಯೂ ಒಂದು ಮಾತು. ಮನಸ್ಸು ತಣ್ಣಗಾದರೆ ಅದೇ ತಾಳ್ಮೆ ಎಂದು ಕಾಯುತ್ತಿದ್ದೆ. ನನಗಂತೂ ಹಾಗೆ ಬರಲೇ ಇಲ್ಲ. ಎರಡನೇ ಸಲ ಪ್ರಾರ್ಥನೆ ಚಿಕ್ಕದು ಮಾಡಿದೆ. ಮಾತ್ರೆ ಅಂಗೈಯಲ್ಲಿಟ್ಟುಕೊಂಡು "ಇವತ್ತಿಗೆ ಇದು" ಎಂದು ಹೇಳಿ ನುಂಗುತ್ತಿದ್ದೆ. ಬೈದುಕೊಂಡು ನುಂಗಿದ ದಿನಗಳೂ ಇವೆ. ಅವೂ ಲೆಕ್ಕಕ್ಕೆ ಬಂದವು.

ಒಂಟಿತನದ ವಿಷಯ ಬೇರೆ. ಅದನ್ನು ದೇವರೊಬ್ಬನ ಮೇಲೇ ಹೊರಿಸಬೇಡಿ. ನಾಚಿಕೆಯಿಂದ ನಾನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಒಬ್ಬ ಗೆಳೆಯನಿಗೆ ಹೇಳಿದೆ. ಅವನು ಸಂಜೆ ಫೋನ್ ಮಾಡಿ, ಸ್ಪೀಕರ್ ಹಾಕಿ, ತನ್ನ ಕೆಲಸ ತಾನು ಮಾಡಿಕೊಂಡಿರುತ್ತಿದ್ದ. ಇಬ್ಬರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡು ಮೈತುಂಬ ಹುಣ್ಣಾಗಿ ನರಳುವ ಯೋಬನ ಗೆಳೆಯರೂ ಏಳು ದಿನ ಸುಮ್ನೆ ಅವನ ಪಕ್ಕ ಕೂತಿದ್ದರು. ನಿನ್ನ ಪಾಪವೇ ಇದಕ್ಕೆ ಕಾರಣ ಎಂದು ಬಾಯಿ ಬಿಟ್ಟ ಮೇಲೇ ಕೆಟ್ಟರು. ನಿಮಗೂ ಕಾರಣ ವಿವರಿಸುವವರು ಬೇಡ, ಸುಮ್ನೆ ಜೊತೆಗಿರುವವರು ಬೇಕು.

ಇನ್ನೊಂದು. ಎರಡನೇ ಚಿಕಿತ್ಸೆಯ ನಡುವೆ ದೇವರು ನನ್ನ ಕೈಬಿಟ್ಟ ಎಂದು ಗಟ್ಟಿಯಾಗಿ ಅನ್ನಿಸತೊಡಗಿತು. ನಿದ್ದೆ ಇಲ್ಲ, ಬದುಕುವುದೇ ಬೇಡ ಅನ್ನಿಸುತ್ತಿತ್ತು. ಇದು ಆತ್ಮದ ಕತ್ತಲೆ ಎಂದುಕೊಂಡು ಮೂರು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಡಾಕ್ಟರಿಗೆ ಹೇಳಿದರೆ ಅವರು ಮೊದಲು ನೋಡಿದ್ದು ಮಾತ್ರೆಯ ಪಟ್ಟಿ. ನಾನು ತಗೊಳ್ಳುತ್ತಿದ್ದ ಸೈಕ್ಲೋಸೆರಿನ್ ಮನಸ್ಸನ್ನು ಹಾಗೆ ಕುಗ್ಗಿಸಬಲ್ಲದು. ಔಷಧ ಹೊಂದಿಸಿದರು, ಹತ್ತು ಹದಿನೈದು ದಿನಕ್ಕೆ ಆ ಭಾರ ಇಳಿಯಿತು. ನಿಮಗೆ ಆ ಮಾತ್ರೆ ಕೊಟ್ಟಿರಲಿಕ್ಕಿಲ್ಲ. ಆದರೂ ಅಂಥ ಯೋಚನೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ, ಡಾಕ್ಟರಿಗೂ ಹೇಳಿ.

ಅಂದಹಾಗೆ, ಕೋಣೆಯಿಂದ ಯಾವಾಗ ಹೊರಗೆ ಬರಬಹುದು ಎಂದು ಕೇಳಿದ್ದೀರಾ? ಔಷಧ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಕೆಲವು ವಾರದಲ್ಲೇ ಬೇರೆಯವರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ. ನಾನು ಕೇಳದೇ ಒಂದೂವರೆ ತಿಂಗಳು ಜಾಸ್ತಿ ಒಳಗೇ ಕೂತಿದ್ದೆ. ನಾಳೆಯೇ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಕಿಟಕಿ ತೆರೆದಿಡಿ.