ಪರಮಪ್ರಸಾದದ ಸಾಲಿನಲ್ಲಿ ನಿಂತವರು

ನಮಸ್ಕಾರ.

‘ಶಿಲುಬೆ ಮತ್ತು ಮತಪೆಟ್ಟಿಗೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಇಷ್ಟನ್ನು ಒಂದು ಸಾಲಿನಲ್ಲಿ ಬರೆದು ಕಳಿಸಬಹುದಿತ್ತು. ಆದರೆ ಈ ವಿಷಯದ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಬರಹ ನನ್ನ ಕೈಗೆ ಬಂದದ್ದು ತೀರಾ ಕಡಿಮೆ, ನಿಮಗೆ ಅದನ್ನು ಬರೆಯುವ ಶಕ್ತಿಯೂ ಇದೆ ಅನ್ನಿಸಿತು. ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ವಾದ ಇಷ್ಟು: ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಕ್ಯಾಥೊಲಿಕ್ ರಾಜಕಾರಣಿಗಳನ್ನು ಅವರ ಬಿಷಪರು ಹೆದರಿಸುತ್ತಾರೆ, ರಾಜಕಾರಣಿಗಳು ಧೈರ್ಯವಾಗಿ ಎದುರು ನಿಲ್ಲುತ್ತಾರೆ. ಬೆಳಗಾವಿಯ ಸವಿತಾ ಹಾಲಪ್ಪನವರ್ ಐರ್ಲೆಂಡಿನಲ್ಲಿ ತೀರಿಕೊಂಡದ್ದರಿಂದ ಶುರುಮಾಡಿ, ಜಾನ್ ಕೆರ್ರಿ, ಜೋ ಬೈಡನ್, ಸಂಸತ್ತಿನ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿ ಎಂದು ಅಮೆರಿಕದ ಒಬ್ಬೊಬ್ಬರನ್ನೇ ದಾಟುತ್ತಾ ಹೋಗಿ, ‘ಧರ್ಮ ಮನೆಯೊಳಗಿರಲಿ’ ಎಂದು ನಿಲ್ಲಿಸಿದ್ದೀರಿ. ನಿಮ್ಮ ನಿಲುವಿನ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಒಂದೇ ಕಡೆ. ಈ ಎಂಟು ಪುಟಗಳಲ್ಲಿ ದೇವರನ್ನು ನಂಬುವವರು ಬಿಷಪರು ಮಾತ್ರ. ರಾಜಕಾರಣಿಗಳಿಗೆ ಓಟು ಇದೆ, ಪಕ್ಷ ಇದೆ, ಭಾಷಣ ಇದೆ. ನಂಬಿಕೆ ಎಲ್ಲೂ ಕಾಣುವುದಿಲ್ಲ. ಹಾಗಿದ್ದರೆ ಹೇಳುವುದಕ್ಕೆ ಕಥೆಯೇ ಉಳಿಯುವುದಿಲ್ಲ. ಪರಮಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಪಾದ್ರಿ ಕೊಡುವ ಪವಿತ್ರ ರೊಟ್ಟಿ, ಕೊಡುವುದಿಲ್ಲ ಅಂದರೆ, ಅದು ಬೇಕು ಅನ್ನುವವರಿಗೆ ತಾನೇ ನೋಯುವುದು?

ಬೈಡನ್ ಉದಾಹರಣೆಯನ್ನೇ ತೆಗೆದುಕೊಳ್ಳಿ. 2019ರ ಅಕ್ಟೋಬರಿನಲ್ಲಿ ದಕ್ಷಿಣ ಕೆರೊಲಿನಾದ ಫ್ಲಾರೆನ್ಸ್ ಊರಿನ ಚರ್ಚೊಂದರಲ್ಲಿ ಭಾನುವಾರದ ಬಲಿಪೂಜೆಗೆ (ಮಾಸ್‌ಗೆ) ಹೋಗಿದ್ದ ಅವರಿಗೆ ಅಲ್ಲಿನ ಪಾದ್ರಿ ಪರಮಪ್ರಸಾದ ನಿರಾಕರಿಸಿದರು. ನೀವು ಇದನ್ನು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಸ್ವಲ್ಪ ಅಲ್ಲೇ ನಿಲ್ಲಿ. ಚುನಾವಣಾ ಪ್ರಚಾರದ ನಡುವೆಯೂ ಪೂಜೆ ತಪ್ಪಿಸದ, ಎಪ್ಪತ್ತು ದಾಟಿದ ಮನುಷ್ಯ. ಜೀವಮಾನವಿಡೀ ನಿಂತ ಸಾಲಿನಲ್ಲೇ ಅವತ್ತೂ ನಿಂತಿದ್ದಾರೆ. ಎದುರಿಗಿರುವ ಪಾದ್ರಿಯೂ ನಾಟಕ ಆಡುತ್ತಿಲ್ಲ; ಆ ರೊಟ್ಟಿ ಕ್ರಿಸ್ತನ ಶರೀರವೇ ಎಂದು ನಂಬಿದವರು, ಅದನ್ನು ಯಾರ ಕೈಗೆ ಕೊಡುತ್ತೇನೆ ಎಂಬುದಕ್ಕೆ ತಾನು ದೇವರಿಗೆ ಉತ್ತರ ಕೊಡಬೇಕು ಎಂದುಕೊಂಡವರು. ಇಬ್ಬರೂ ನಂಬುವುದು ಒಂದನ್ನೇ. ನಿಮ್ಮ ಲೇಖನ ಶುರುವಾಗಬೇಕಾದದ್ದು ಈ ಇಬ್ಬರ ನಡುವಿನ ಒಂದು ಮೊಳದ ಜಾಗದಲ್ಲಿ.

ಇನ್ನು ಪದಗಳ ವಿಚಾರ. ಇದು ಬರೀ ಭಾಷೆಯ ಅಚ್ಚುಕಟ್ಟಿನ ಮಾತು ಅಂದುಕೊಳ್ಳಬೇಡಿ. ನೀವು ‘ಪ್ರಸಾದ’ ಎಂದು ಬರೆದಿದ್ದೀರಿ. ಕನ್ನಡದ ಕ್ಯಾಥೊಲಿಕರು ‘ಪರಮಪ್ರಸಾದ’ ಅನ್ನುತ್ತಾರೆ. ಪ್ರಸಾದ ಎಂದರೆ ನಮ್ಮ ಓದುಗರ ಕಣ್ಣಿಗೆ ಬರುವುದು ದೊನ್ನೆಯಲ್ಲಿ ಕೊಡುವ ಪೊಂಗಲ್ಲು. ಅದನ್ನು ಯಾರಿಗೂ ಇಲ್ಲ ಅನ್ನುವುದಿಲ್ಲ, ಎರಡನೇ ಸಲ ಕೇಳಿದರೂ ಕೊಡುತ್ತಾರೆ. ಇನ್ನು ಬಿಷಪರಿಗೆ ಧರ್ಮಾಧ್ಯಕ್ಷರು, ಅವರ ವ್ಯಾಪ್ತಿಗೆ ಧರ್ಮಪ್ರಾಂತ್ಯ ಎಂಬ ಮಾತುಗಳಿವೆ. ನಾನೂ ಕ್ಯಾಥೊಲಿಕ್ ಅಲ್ಲ. ಇವನ್ನು ಕಲಿತದ್ದು ಒಬ್ಬ ಗುರುಗಳ ಲೇಖನದ ಪ್ರೂಫ್ ನೋಡುವಾಗ. ಬಿಷಪ್ ಎಂದೇ ಬರೆದರೂ ತೊಂದರೆಯಿಲ್ಲ, ಧರ್ಮಪ್ರಾಂತ್ಯ ಎಂಬುದನ್ನು ಮಾತ್ರ ಬಿಡಬೇಡಿ. ಯಾಕೆಂದರೆ ಪೆಲೋಸಿ ಪ್ರಸಂಗ ಅದಿಲ್ಲದೆ ಅರ್ಥವೇ ಆಗುವುದಿಲ್ಲ.

‘ಸ್ಯಾನ್‌ಫ್ರಾನ್ಸಿಸ್ಕೊದ ಬಿಷಪ್ ಪೆಲೋಸಿಯವರನ್ನು ಬಹಿಷ್ಕರಿಸಿದರು’ ಎಂದು ಬರೆದಿದ್ದೀರಿ. ತಪ್ಪು. 2022ರ ಮೇ 20ರಂದು ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಸಾಲ್ವತೋರೆ ಕಾರ್ಡಿಲಿಯೋನೆ ಪ್ರಕಟಿಸಿದ್ದು, ಗರ್ಭಪಾತದ ಬಗೆಗಿನ ತಮ್ಮ ನಿಲುವನ್ನು ಆಕೆ ಬಹಿರಂಗವಾಗಿ ಕೈಬಿಟ್ಟು ಪಾಪನಿವೇದನೆ ಮಾಡುವವರೆಗೆ ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂದು. ಅವರು ಆಧಾರವಾಗಿಟ್ಟುಕೊಂಡದ್ದು ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಕಾನೂನಿನ 915ನೇ ವಿಧಿ: ಬಹಿರಂಗವಾದ ಘೋರ ಪಾಪದಲ್ಲಿ ಹಟಹಿಡಿದು ಮುಂದುವರಿಯುವವರಿಗೆ ಪರಮಪ್ರಸಾದ ಕೊಡಬಾರದು. ಬಹಿಷ್ಕಾರದ ವಿಧಿ ಬೇರೆಯೇ ಇದೆ, ಅದು ಗರ್ಭಪಾತ ಮಾಡಿಸುವ ಕೃತ್ಯಕ್ಕೆ ಸಂಬಂಧಪಟ್ಟದ್ದು. ಬಹಿಷ್ಕಾರ ಅಂದಕೂಡಲೇ ನಮ್ಮ ಹಳ್ಳಿಯ ಓದುಗರಿಗೆ ನೆನಪಾಗುವುದು ಬೆಂಕಿ ನೀರು ಕೊಡದ, ಮಾತಾಡಿಸಿದವರಿಗೆ ದಂಡ ಹಾಕುವ ಪಂಚಾಯ್ತಿ. ಪೆಲೋಸಿ ಚರ್ಚಿಗೆ ಹೋಗಬಹುದಿತ್ತು, ಪೂಜೆಯಲ್ಲಿ ಕೂರಬಹುದಿತ್ತು. ಆ ಆದೇಶ ನಡೆಯುತ್ತಿದ್ದುದೂ ಆ ಧರ್ಮಪ್ರಾಂತ್ಯದ ಎಲ್ಲೆಯೊಳಗೆ ಮಾತ್ರ. ವಾಷಿಂಗ್ಟನ್ನಿನಲ್ಲಿ ಅಲ್ಲಿನ ಆರ್ಚ್‌ಬಿಷಪ್ ಕಾರ್ಡಿನಲ್ ವಿಲ್ಟನ್ ಗ್ರೆಗರಿ ಅಂಥ ಯಾವ ತಡೆಯನ್ನೂ ಹಾಕಿರಲಿಲ್ಲ. ಜೂನ್ 29ರಂದು, ಅಂದರೆ ಆರು ವಾರವೂ ತುಂಬುವ ಮೊದಲು, ರೋಮಿನ ಸಂತ ಪೀಟರರ ಮಹಾದೇವಾಲಯದಲ್ಲಿ, ಪೋಪ್ ಫ್ರಾನ್ಸಿಸ್ ಹಾಜರಿದ್ದ ಪೂಜೆಯಲ್ಲೇ ಆಕೆ ಒಬ್ಬ ಪಾದ್ರಿಯಿಂದ ಪರಮಪ್ರಸಾದ ಪಡೆದರು. ತನ್ನೂರಲ್ಲಿ ಸಿಗದ್ದು ರೋಮಿನಲ್ಲಿ ಸಿಕ್ಕಿತು! ಇದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಇದು ಬಂದರೆ ‘ಚರ್ಚು ಹೇಳುತ್ತದೆ’ ಎಂಬ ನಿಮ್ಮ ವಾಕ್ಯಗಳೆಲ್ಲ ಅಲುಗಾಡುತ್ತವೆ ಎಂಬ ಕಾರಣಕ್ಕೋ ಏನೋ. ಅಲುಗಾಡಲಿ.

ಆ ಒಳಜಗಳಕ್ಕೆ ಲೆಕ್ಕವೂ ಸಿಗುತ್ತದೆ. 2004ರಲ್ಲಿ ಸೇಂಟ್ ಲೂಯಿಸ್‌ನ ಆರ್ಚ್‌ಬಿಷಪ್ ರೇಮಂಡ್ ಬರ್ಕ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕೆರ್ರಿಗೆ ತಾವು ಪರಮಪ್ರಸಾದ ಕೊಡುವುದಿಲ್ಲ ಎಂದಾಗ, ಅಮೆರಿಕದ ಬಿಷಪರು ಡೆನ್ವರಿನಲ್ಲಿ ಸೇರಿ ಆಯಾ ಬಿಷಪರ ವಿವೇಚನೆಗೆ ಬಿಡೋಣ ಎಂದು 183–6 ಮತಗಳಿಂದ ತೀರ್ಮಾನಿಸಿದರು. ಬೈಡನ್ ಅಧ್ಯಕ್ಷರಾದ ಮೇಲೆ, 2021ರ ಜೂನಿನಲ್ಲಿ, ಪರಮಪ್ರಸಾದದ ಬಗ್ಗೆ ಒಂದು ದಸ್ತಾವೇಜು ಬರೆಯಬೇಕೋ ಬೇಡವೋ ಎಂಬುದಕ್ಕೇ 168–55 ಎಂದು ಒಡೆದರು. ನವೆಂಬರಿನಲ್ಲಿ ಅದು 222–8ರಲ್ಲಿ ಅಂಗೀಕಾರವಾದಾಗ ಒಬ್ಬ ರಾಜಕಾರಣಿಯ ಹೆಸರೂ ಅದರಲ್ಲಿರಲಿಲ್ಲ. ಈ ಎರಡರ ನಡುವೆ, ಸೆಪ್ಟೆಂಬರಿನಲ್ಲಿ, ಸ್ಲೊವಾಕಿಯಾದಿಂದ ಮರಳುವಾಗ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್ ಎರಡು ಮಾತು ಹೇಳಿದರು: ಗರ್ಭಪಾತ ಕೊಲೆ, ತಾನು ಯಾರಿಗೂ ಪರಮಪ್ರಸಾದ ನಿರಾಕರಿಸಿದವನಲ್ಲ. ನೀವು ಎರಡನೆಯದನ್ನು ಮಾತ್ರ ಉಲ್ಲೇಖಿಸಿದ್ದೀರಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಮನುಷ್ಯನನ್ನು ಅರ್ಧ ಕತ್ತರಿಸಿ ನಿಮ್ಮ ಪಕ್ಷಕ್ಕೆ ಸೇರಿಸಿಕೊಂಡರೆ ಅದು ಅನ್ಯಾಯ.

ಈಗ ನನ್ನನ್ನು ಹೆಚ್ಚು ಕಾಡಿದ ಭಾಗ. ‘ಚರ್ಚಿಗೆ ಶಾಸನಸಭೆಯಲ್ಲಿ ಏನು ಕೆಲಸ?’ ಎಂದು ಕೇಳಿದ್ದೀರಿ. 1962ರ ನ್ಯೂ ಆರ್ಲಿಯನ್ಸಿಗೆ ಹೋಗಿ. ಅಲ್ಲಿನ ಆರ್ಚ್‌ಬಿಷಪ್ ಜೋಸೆಫ್ ರಮ್ಮೆಲ್ ಕ್ಯಾಥೊಲಿಕ್ ಶಾಲೆಗಳಲ್ಲಿ ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಒಟ್ಟಿಗೆ ಕೂರಬೇಕು ಎಂದರು. ಅದಕ್ಕೆ ಅಡ್ಡ ನಿಂತ ಮೂವರು ಕ್ಯಾಥೊಲಿಕರನ್ನು ನಿಜವಾದ ಅರ್ಥದಲ್ಲೇ ಬಹಿಷ್ಕರಿಸಿದರು. ಅವರಲ್ಲೊಬ್ಬ, ಲಿಯಾಂಡರ್ ಪೆರೆಜ್, ಲೂಸಿಯಾನದ ಬಲಾಢ್ಯ ರಾಜಕಾರಣಿ. ಆ ಬಹಿಷ್ಕಾರ ನಿಮಗೆ ಸರಿ ಎನ್ನಿಸುತ್ತದೆಯೋ ಇಲ್ಲವೋ? ನನಗಂತೂ ಸರಿ ಎನ್ನಿಸುತ್ತದೆ. ಹಾಗಾದರೆ ಕಾರ್ಡಿಲಿಯೋನೆಯವರ ಪ್ರಶ್ನೆಗೆ ನೀವೂ ನಾನೂ ಉತ್ತರ ಹುಡುಕಬೇಕು. ಅವರು ಇದೇ ರಮ್ಮೆಲ್ ಹೆಸರು ಹೇಳಿಯೇ ವಾದಿಸಿದವರು: ಗರ್ಭದಲ್ಲಿರುವುದು ಮನುಷ್ಯಜೀವ ಎಂದು ನಂಬುವವನಿಗೆ ಎರಡಕ್ಕೂ ಏನು ವ್ಯತ್ಯಾಸ?

ಇಂಥ ಪ್ರಶ್ನೆಗೆ ಎಷ್ಟೋ ವರ್ಷ ಮೊದಲೇ ಉತ್ತರ ಕೊಡಲು ಯತ್ನಿಸಿದ ಕ್ಯಾಥೊಲಿಕ್ ಒಬ್ಬರಿದ್ದರು, ಅವರ ಹೆಸರು ನಿಮ್ಮ ಲೇಖನದಲ್ಲಿಲ್ಲ. ನ್ಯೂಯಾರ್ಕಿನ ಗವರ್ನರ್ ಆಗಿದ್ದ ಮಾರಿಯೊ ಕುವೊಮೊ. 1984ರ ಸೆಪ್ಟೆಂಬರ್ 13ರಂದು ನೋತ್ರ್ ದಾಮ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೇ ಹೋಗಿ ಮಾತಾಡಿದರು. ತಾನೂ ತನ್ನ ಹೆಂಡತಿಯೂ ಧರ್ಮಸಭೆಯ ಬೋಧನೆಯನ್ನು ಒಪ್ಪಿ ನಡೆಯುವವರು ಎಂದು ಮೊದಲು ಹೇಳಿಕೊಂಡರು. ಆದರೆ ಎಲ್ಲ ಮತದವರೂ ಇರುವ ನಾಡಿನಲ್ಲಿ ಜನರ ಒಮ್ಮತವಿಲ್ಲದೆ ಅದನ್ನು ಕಾನೂನು ಮಾಡಿದರೆ ಕಾನೂನು ನಿಲ್ಲುವುದಿಲ್ಲ, ಯಾವಾಗ ಹೇಗೆ ಎಂಬುದು ರಾಜಕೀಯ ವಿವೇಕದ ಪ್ರಶ್ನೆ ಎಂದರು. ಗುಲಾಮಗಿರಿಯ ಕಾಲದಲ್ಲಿ ಅಮೆರಿಕದ ಬಿಷಪರಲ್ಲಿ ಹೆಚ್ಚಿನವರು ಅದರ ವಿರುದ್ಧ ದನಿ ಎತ್ತಲಿಲ್ಲ, ಕಾಲ ನೋಡಿಕೊಂಡು ನಡೆದರು ಎಂದು ನೆನಪಿಸಿದವರೂ ಅವರೇ. ಕಾರ್ಡಿಲಿಯೋನೆ ಬಣ್ಣಭೇದದ ಉದಾಹರಣೆ ಕೊಟ್ಟು ಸುಮ್ಮನಿರಬಾರದು ಅನ್ನುತ್ತಾರೆ, ಕುವೊಮೊ ಗುಲಾಮಗಿರಿಯ ಉದಾಹರಣೆ ಕೊಟ್ಟು ನೀವೂ ಸುಮ್ಮನಿದ್ದಿರಲ್ಲ ಅನ್ನುತ್ತಾರೆ. ಇವರಿಬ್ಬರನ್ನೂ ಎದುರುಬದುರು ಕೂರಿಸಿ. ಕುವೊಮೊ ಮಾತು ನನ್ನನ್ನು ಪೂರ್ತಿ ಒಪ್ಪಿಸಿಲ್ಲ ಎಂದು ಹೇಳಿಬಿಡುತ್ತೇನೆ. ಒಮ್ಮತ ಬರುವವರೆಗೆ ಕಾಯುವುದಾದರೆ ರಮ್ಮೆಲ್ ಕೂಡ ಕಾಯಬೇಕಿತ್ತು. ಆದರೆ ಗರ್ಭ ಹೊತ್ತವಳ ಒಪ್ಪಿಗೆಯನ್ನು ಕೇಳದೆ ಹೊರಗಿನವರು ಬರೆದ ಕಾನೂನು ಏನು ಮಾಡಬಲ್ಲದು ಎಂಬುದೂ ನನಗೆ ಗೊತ್ತಿದೆ. ಗೊತ್ತಾದದ್ದು ಸವಿತಾ ಅವರಿಂದ.

ಸವಿತಾ ಅವರನ್ನು ನೀವು ಮೊದಲ ಪ್ಯಾರಾದಲ್ಲಿ ಕರೆತಂದು, ಅಲ್ಲೇ ಬಿಟ್ಟು, ವಾಷಿಂಗ್ಟನ್ನಿಗೆ ಹೊರಟುಬಿಟ್ಟಿದ್ದೀರಿ. ಓದುತ್ತಾ ನನಗೆ ಸಂಕಟವಾಯಿತು. 31 ವರ್ಷದ ದಂತವೈದ್ಯೆ, 17 ವಾರದ ಬಸುರಿ, 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ಊರಿನ ಆಸ್ಪತ್ರೆಗೆ ಹೋದರು. 28ರಂದು ರಕ್ತಕ್ಕೇರಿದ ಸೋಂಕಿನಿಂದ ತೀರಿಕೊಂಡರು. ನೀವು ‘ಗರ್ಭಪಾತಕ್ಕಾಗಿ ಆಸ್ಪತ್ರೆಗೆ ಹೋದ ಸವಿತಾ’ ಎಂದು ಬರೆದಿದ್ದೀರಿ. ಅವರು ಹೋದದ್ದು ಗರ್ಭ ಉಳಿಯಲಿ ಎಂದು. ನಮ್ಮ ಮನೆಗಳಲ್ಲಿ ‘ಅಬಾರ್ಷನ್ ಆಯ್ತು’ ಅಂದರೆ ಒಂದು, ‘ಅಬಾರ್ಷನ್ ಮಾಡಿಸಿದಳು’ ಅಂದರೆ ಇನ್ನೊಂದು; ಹೆಂಗಸರು ಈ ಎರಡನ್ನೂ ಬೆರೆಸುವುದೇ ಇಲ್ಲ. ಅವರದು ಗರ್ಭಸ್ರಾವ. ಉಳಿಯುವುದಿಲ್ಲ ಎಂದು ಖಚಿತವಾದ ಮೇಲೆ, ತೆಗೆದುಬಿಡಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ವೈದ್ಯರು ಒಪ್ಪಲಿಲ್ಲ. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತನ್ನು ನೀವು ‘ಚರ್ಚಿನ ಮುಖಂಡರ’ ಬಾಯಿಗೆ ಹಾಕಿದ್ದೀರಿ. ಅದನ್ನು ಹೇಳಿದ್ದು ಆಸ್ಪತ್ರೆಯ ಒಬ್ಬ ಹಿರಿಯ ಸೂಲಗಿತ್ತಿ ನರ್ಸ್. ವಿಚಾರಣೆಯಲ್ಲಿ ಒಪ್ಪಿಕೊಂಡು ವಿಷಾದವನ್ನೂ ಹೇಳಿದರು. ಸೋಂಕನ್ನು ಗುರುತಿಸುವುದರಲ್ಲಿ ಆದ ಲೋಪಗಳನ್ನೂ ತನಿಖೆ ಎತ್ತಿ ತೋರಿಸಿತು, ಅದೂ ಬರಬೇಕು.

ವೈದ್ಯರ ಕೈ ಕಟ್ಟಿದ್ದು ಐರ್ಲೆಂಡಿನ ಸಂವಿಧಾನದ ಎಂಟನೇ ತಿದ್ದುಪಡಿ. ಹುಟ್ಟಲಿರುವ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಎಂದ ಆ ತಿದ್ದುಪಡಿಯನ್ನು 1983ರಲ್ಲಿ ಮತ ಹಾಕಿದವರಲ್ಲಿ ಶೇ. 66.9 ಜನ ಬೇಕು ಎಂದು ತಂದದ್ದು. 2018ರಲ್ಲಿ ಶೇ. 66.4 ಜನ ಬೇಡ ಎಂದು ತೆಗೆದರು. ಈ ಎರಡರ ನಡುವೆ ಎಂಡಾ ಕೆನ್ನಿ ಇದ್ದಾರೆ, ಸವಿತಾ ಸತ್ತಾಗ ಪ್ರಧಾನಿಯಾಗಿದ್ದವರು, ಪೂಜೆಗೆ ಹೋಗುವ ಕ್ಯಾಥೊಲಿಕ್. ತಾಯಿಯ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಯನ್ನು 2013ರಲ್ಲಿ ತಂದರು. ಬಿಷಪರು ವಿರೋಧಿಸಿದರು. ತನ್ನನ್ನು ಕೊಲೆಗಾರ ಎಂದು ಕರೆದು ರಕ್ತದಲ್ಲಿ ಬರೆದ ಪತ್ರಗಳು ಬರುತ್ತಿವೆ ಎಂದು ಅವರೇ ಸಂಸತ್ತಿನಲ್ಲಿ ಹೇಳಿದರು. ತಾನು ಕ್ಯಾಥೊಲಿಕ್ ಹೌದು, ಆದರೆ ಕ್ಯಾಥೊಲಿಕ್ ಪ್ರಧಾನಿಯಲ್ಲ, ಎಲ್ಲ ಜನರ ಪ್ರಧಾನಿ ಎಂದೂ ಹೇಳಿದರು. ಅದೇ ಪಕ್ಷದ ಇನ್ನೊಬ್ಬ ಪ್ರಧಾನಿ ಜಾನ್ ಕಾಸ್ಟೆಲೊ 1951ರಲ್ಲಿ, ತಾಯಿ–ಮಕ್ಕಳ ಉಚಿತ ಆರೋಗ್ಯ ಯೋಜನೆಯನ್ನು ಬಿಷಪರು ಬೇಡ ಎಂದಾಗ, ಕ್ಯಾಥೊಲಿಕನಾಗಿ ನಾನು ಧರ್ಮಸಭೆಯ ಹಿರಿಯರಿಗೆ ವಿಧೇಯ ಎಂದು ಅದೇ ಸಂಸತ್ತಿನಲ್ಲಿ ಹೇಳಿದ್ದರು. 62 ವರ್ಷಗಳ ಅಂತರದ ಈ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟರೆ ನಿಮ್ಮ ಮೂರು ಪುಟದ ವ್ಯಾಖ್ಯಾನ ಬೇಕಾಗುವುದಿಲ್ಲ.

ಅಮೆರಿಕವನ್ನು ಬಿಡಲು ಮನಸ್ಸಿಲ್ಲದಿದ್ದರೆ ಸೇತುವೆಯೂ ಇಲ್ಲೇ ಇದೆ. ಅದೇ 2013ರ ಮೇ ತಿಂಗಳಲ್ಲಿ ಬಾಸ್ಟನ್ ಕಾಲೇಜಿನ ಪದವಿ ಪ್ರದಾನಕ್ಕೆ ಕೆನ್ನಿಯವರನ್ನು ಕರೆದಿದ್ದರು. ಬಾಸ್ಟನ್ನಿನ ಕಾರ್ಡಿನಲ್ ಶಾನ್ ಒಮ್ಯಾಲಿ ಈ ಮಸೂದೆಯ ಕಾರಣಕ್ಕೆ ಸಮಾರಂಭಕ್ಕೆ ಬರಲಿಲ್ಲ.

ಮಸೂದೆಗೆ ವಿರುದ್ಧವಾಗಿ ಮತ ಹಾಕಿದ ಲುಸಿಂಡಾ ಕ್ರೈಟನ್ ಎಂಬ ಸಚಿವೆಯನ್ನೂ ಸೇರಿಸಿಕೊಳ್ಳಿ. ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದು ಸಚಿವ ಸ್ಥಾನವನ್ನೂ ಪಕ್ಷದ ಆಸರೆಯನ್ನೂ ಕಳೆದುಕೊಂಡರು. ನಿಮ್ಮ ನಿಲುವು ಬೇರೆಯೇ ಇರಬಹುದು. ಧೈರ್ಯದ ಮಾತು ಬಂದಾಗ ಆಕೆಯನ್ನು ಬಿಟ್ಟು ಬರೆದರೆ ಓದುಗರು ನಿಮ್ಮನ್ನು ನಂಬುವುದಿಲ್ಲ.

ಇನ್ನೊಂದು ಪದ. ಬಿಷಪರ ವಾದ ಹೇಳುವಾಗೆಲ್ಲ ‘ಭ್ರೂಣಹತ್ಯೆ’ ಬಳಸಿದ್ದೀರಿ. ಕರ್ನಾಟಕದಲ್ಲಿ ಆ ಪದದ ಹಿಂದೆ ‘ಹೆಣ್ಣು’ ಎಂಬುದು ತಾನಾಗಿ ಬಂದು ನಿಲ್ಲುತ್ತದೆ; ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಫಲಕ ನೆನಪಾಗುತ್ತದೆ. 1971ರಿಂದ ಗರ್ಭಪಾತದ ಕಾನೂನು ಇರುವ ನಾಡಿನ ಓದುಗರು ನಿಮ್ಮವರು. ಐರಿಶ್ ಬಿಷಪರ ಮಾತನ್ನು ಅವರು ಬೇರೆಯೇ ಜಗಳದೊಳಗೆ ಎಳೆದುಕೊಳ್ಳುತ್ತಾರೆ. ಆ ವಾದಕ್ಕೆ ಅದರದೇ ಮಾತು ಕೊಡಿ: ಹುಟ್ಟಲಿರುವ ಜೀವ.

ಹೀಗೆ ಮಾಡಿ. ಕೆರ್ರಿಯ ಎರಡು ಪುಟ ತೆಗೆಯಿರಿ. ಫ್ಲಾರೆನ್ಸಿನ ಸಾಲು, ರಮ್ಮೆಲ್ ಮತ್ತು ಕುವೊಮೊ, ಆಮೇಲೆ ಗಾಲ್ವೇ ಮತ್ತು ಕೆನ್ನಿ; ಇಷ್ಟು ಸಾಕು. ‘ಧರ್ಮ ಮನೆಯೊಳಗಿರಲಿ’ ಎಂಬ ಕೊನೆಯ ಪ್ಯಾರಾ ಬೇಡವೇ ಬೇಡ, ರಮ್ಮೆಲ್ ಬಂದಮೇಲೆ ಅದು ನಿಲ್ಲುವುದೂ ಇಲ್ಲ. ಎರಡೂವರೆ ಸಾವಿರ ಪದ ಮೀರದಿರಲಿ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಪದಗಳ ಬಗ್ಗೆ ಅನುಮಾನ ಬಂದರೆ ನಿಮ್ಮೂರಿನ ಚರ್ಚಿನ ಗುರುಗಳನ್ನು ಕೇಳಿ, ಲೇಖನ ಯಾವುದರ ಬಗ್ಗೆ ಎಂಬುದನ್ನು ಮುಚ್ಚಿಡದೆ ಹೇಳಿಯೇ ಕೇಳಿ.

ವಿಶ್ವಾಸದಿಂದ,
ಸಂಪಾದಕ