ಬ್ರಿಟನ್‌ನಲ್ಲಿ ಆರ್‌ಪಿಎ ಆಗಲು ಯಾವ ಪರೀಕ್ಷೆ ಬರೆಯಬೇಕು?

ನೀವು ಬ್ರಿಟನ್‌ನ ಆಸ್ಪತ್ರೆಯೊಂದರಲ್ಲಿ ಫಿಸಿಸಿಸ್ಟ್ ಅಂತ ಬರೆದಿದ್ದೀರಿ. ರೇಡಿಯೇಷನ್ ಪ್ರೊಟೆಕ್ಷನ್ ಅಡ್ವೈಸರ್ (ವಿಕಿರಣ ಸುರಕ್ಷತೆಯ ಸಲಹೆಗಾರ), ಅಂದರೆ ಆರ್‌ಪಿಎ ಸರ್ಟಿಫಿಕೇಟ್‌ಗೆ ಯಾವ ಪುಸ್ತಕ ಓದಬೇಕು, ಪರೀಕ್ಷೆ ಎಷ್ಟು ಕಷ್ಟ ಅಂತ ಕೇಳಿದ್ದೀರಿ. ನಾನೂ ಶುರುವಿನಲ್ಲಿ ಇದನ್ನೇ ಕೇಳಿದ್ದೆ.

ಕೂತು ಬರೆಯುವ ಪರೀಕ್ಷೆ ಅಂತ ಇಲ್ಲ. ಕಳಿಸಬೇಕಾಗಿರುವುದು ಒಂದು ಪೋರ್ಟ್‌ಫೋಲಿಯೊ. ನೀವು ಮಾಡಿದ ಕೆಲಸದ ಪುರಾವೆಗಳ ಕಡತ. ಕೆಲಸದ ಜಾಗದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯಾದ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್ ಮಾನದಂಡವನ್ನು ಹೇಳುತ್ತದೆ. ಅದರಂತೆ ಅಳೆದು ಸರ್ಟಿಫಿಕೇಟ್ ಕೊಡಲು ಬೇರೆ ಸಂಸ್ಥೆಗೆ ಮಾನ್ಯತೆ ಕೊಡುತ್ತದೆ. ಆರ್‌ಪಿಎ 2000 ಅಂಥ ಸಂಸ್ಥೆ. ಪಠ್ಯಕ್ರಮದ ಪ್ರತಿ ವಿಷಯಕ್ಕೂ ಒಂದು ಮಟ್ಟ ಇದೆ. ಕೆಲವಕ್ಕೆ ಬರೀ ಪರಿಚಯ ಸಾಕು, ಕೆಲವಕ್ಕೆ ಮೂಲ ತಿಳಿವಳಿಕೆ, ಇನ್ನು ಕೆಲವಕ್ಕೆ ಆಳವಾದ ತಿಳಿವಳಿಕೆ. ಇದರ ಮೇಲೆ, ಕೈಯಾರೆ ಮಾಡಿ ಗೊತ್ತು ಅಂತಲೂ ತೋರಿಸಬೇಕು.

ನನ್ನ ಕಡತವನ್ನು ಕಳಿಸುವ ಮೊದಲು ಒಬ್ಬ ಹಿರಿಯ ಆರ್‌ಪಿಎಗೆ ತೋರಿಸಿದ್ದೆ. ಪುಣ್ಯ. ಅದರಲ್ಲಿ ಹೊಸ ಎಕ್ಸ್‌ರೇ ಕೋಣೆಯ ಗೋಡೆಗೆ ಎಷ್ಟು ಸೀಸ ಬೇಕು ಅನ್ನುವ ವರದಿ ಇತ್ತು. ಸಾಫ್ಟ್‌ವೇರ್ ಹಾಕಿದ ಲೆಕ್ಕ ಸರಿಯಾಗೇ ಇತ್ತು. ಅವರು ಓದಿ ಕೇಳಿದ್ದು ಒಂದೇ ಪ್ರಶ್ನೆ: 'ಎಲ್ಲ ಕಡೆ "ನಾವು, ನಾವು" ಅಂತ ಇದೆ. ಇದರಲ್ಲಿ ನೀವು ಮಾಡಿದ್ದು ಯಾವುದು?' ನನಗೆ ಬೇಜಾರಾಯಿತು. ಆದರೆ ಮತ್ತೆ ಓದಿದಾಗ ಗೊತ್ತಾಯಿತು, ಆ ವರದಿಯಿಂದ ಸಾಫ್ಟ್‌ವೇರ್‌ಗೆ ಬೇಕಾದರೆ ಸರ್ಟಿಫಿಕೇಟ್ ಕೊಡಬಹುದಿತ್ತು, ನನಗಲ್ಲ!

ಜೊತೆಗೆ ಎರಡು ಪುಟದ ಟಿಪ್ಪಣಿ ಬರೆದೆ. ಗೋಡೆಯಾಚೆ ವರ್ಷಕ್ಕೆ 0.3 ಮಿಲಿಸೀವರ್ಟ್ (ವಿಕಿರಣದ ಡೋಸ್ ಅಳೆಯುವ ಮಾನ) ಅನ್ನುವ ಗುರಿ ಯಾಕೆ ಹಿಡಿದೆ? ಸಾರ್ವಜನಿಕರಿಗೆ ಕಾನೂನಿನ ಮಿತಿ 1 ಮಿಲಿಸೀವರ್ಟ್ ಇದೆ, ಆದರೆ ಒಬ್ಬರಿಗೆ ಬೇರೆ ಕಡೆಯಿಂದಲೂ ಡೋಸ್ ಬರಬಹುದಲ್ವಾ? ಪಕ್ಕದ ಕೋಣೆಯಲ್ಲಿ ಯಾರು ಎಷ್ಟು ಹೊತ್ತು ಕೂರುತ್ತಾರೆ? ಅದು ಇವತ್ತು ಸ್ಟೋರ್ ರೂಮ್, ನಾಳೆ ಆಫೀಸ್ ಆದರೆ? ಮಾಲೀಕರಿಗೆ ನಾನು ಏನು ಸಲಹೆ ಕೊಟ್ಟೆ, ಅವರು ಯಾವುದನ್ನು ಒಪ್ಪಿದರು, ಯಾವುದಕ್ಕೆ ತಕರಾರು ತೆಗೆದರು? ಅಡ್ವೈಸರ್ ಕೆಲಸ ಲೆಕ್ಕ ಹಾಕುವುದಷ್ಟೇ ಅಲ್ಲ. ಲೆಕ್ಕದಿಂದ ಸಲಹೆಗೆ ಹೇಗೆ ಬಂದಿರಿ ಅನ್ನುವುದು ಕಾಗದದ ಮೇಲೆ ಕಾಣಬೇಕು.

ಇನ್ನೊಂದು ವಿಷಯವನ್ನು ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. ಸರ್ಟಿಫಿಕೇಟ್ ಹೇಳುವುದು ನೀವು ಸಮರ್ಥರು ಅಂತ. ಒಂದು ಕೆಲಸಕ್ಕೆ ತಕ್ಕವರೇ ಅನ್ನುವುದು ಬೇರೆ ಮಾತು. ವಿಕಿರಣ ಬಳಸುವ ಕೆಲಸಗಳ ಕಾನೂನಾದ 2017ರ ಅಯೊನೈಸಿಂಗ್ ರೇಡಿಯೇಷನ್ಸ್ ರೆಗ್ಯುಲೇಷನ್ಸ್ ಪ್ರಕಾರ ಅದನ್ನು ನೋಡಬೇಕಾದವರು ಕೆಲಸ ಕೊಡುವವರು. ಸಲಹೆಯ ವ್ಯಾಪ್ತಿ ಏನು ಅಂತ ಬರೆದೇ ನೇಮಿಸಬೇಕು. ಆಸ್ಪತ್ರೆಯ ಎಕ್ಸ್‌ರೇಯಲ್ಲೇ ಬೆಳೆದ ನನ್ನಂಥವನು ನಾಳೆ ಕೈಗಾರಿಕಾ ರೇಡಿಯೋಗ್ರಫಿ ಕಂಪನಿಗೆ ಹೋಗಿ ಸಲಹೆ ಕೊಟ್ಟರೆ ಸರ್ಟಿಫಿಕೇಟ್ ಅಡ್ಡ ಬರಲ್ಲ. ಆದರೂ ನಾನು ಆ ಕೆಲಸ ಒಪ್ಪುವುದಿಲ್ಲ.

ಆರ್‌ಪಿಎಸ್, ಅಂದರೆ ರೇಡಿಯೇಷನ್ ಪ್ರೊಟೆಕ್ಷನ್ ಸೂಪರ್‌ವೈಸರ್, ಬೇರೆ. ಅವರು ಆಯಾ ವಿಭಾಗದಲ್ಲಿ ಲೋಕಲ್ ರೂಲ್ಸ್, ಅಂದರೆ ಆ ಜಾಗಕ್ಕೆಂದೇ ಬರೆದ ವಿಕಿರಣ ಸುರಕ್ಷತೆಯ ನಿಯಮಗಳು, ಪಾಲನೆಯಾಗುತ್ತಿದೆಯಾ ಅಂತ ನೋಡುವವರು. ಅವರಿಗೆ ತರಬೇತಿ ಬೇಕು, ಈ ಸರ್ಟಿಫಿಕೇಟ್ ಬೇಡ.

ಸರ್ಟಿಫಿಕೇಟ್‌ನ ಅವಧಿ 5 ವರ್ಷ. ಆಮೇಲೆ ನವೀಕರಿಸಲು, ಕೆಲಸ ಮಾಡುತ್ತಲೇ ಇದ್ದೀರಿ ಅಂತ ಮತ್ತೆ ತೋರಿಸಬೇಕು. ಹಾಗಾಗಿ ಪುಸ್ತಕ ಹುಡುಕುವ ಮೊದಲು ಒಂದು ಫೋಲ್ಡರ್ ಮಾಡಿ. ಬರೆದ ರಿಸ್ಕ್ ಅಸೆಸ್‌ಮೆಂಟ್, ಸಲಹೆ ಕೊಟ್ಟ ಇಮೇಲ್, ಮೀಟರ್ ಹಿಡಿದು ಅಳೆದ ಹಾಳೆ, ಎಲ್ಲವನ್ನೂ ತಾರೀಖು ಹಾಕಿ ಅದರೊಳಗೆ ಇಡಿ. ರೋಗಿಗಳ ಹೆಸರನ್ನು ಮಾತ್ರ ಅವತ್ತೇ ಅಳಿಸಿಬಿಡಿ. ನಾನು ಕೊನೆಗೆ ಮಾಡೋಣ ಅಂತ ಬಿಟ್ಟು ಎರಡು ವಾರಾಂತ್ಯ ಬರೀ ಹೆಸರು ಅಳಿಸುತ್ತಾ ಕೂತಿದ್ದೆ.